ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ: ಬಲ್ಮಠ ಮತ್ತು ಬಾವುಟಗುಡ್ಡೆ ಗ್ರಂಥಾಲಯ ಭೇಟಿ

ಮಾನ್ಯ ಪೋಷಕರೇ,

ನಮಸ್ಕಾರ. ದಸರಾ ರಜೆ ಮುಗಿದ ಮೊದಲ ಶನಿವಾರ ಮಕ್ಕಳನ್ನು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯಕ್ಕೂ, ಅಲ್ಲಿಂದ ಬಾವುಟಗುಡ್ಡೆಯ ನಗರ ಕೇಂದ್ರ ಗ್ರಂಥಾಲಯಕ್ಕೂ ಕರೆದೊಯ್ಯುತ್ತೇವೆ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಊರು ನಮ್ಮ ಮಂಗಳೂರು. ಇಲ್ಲಿ ಹಳೆಯ ಕಟ್ಟಡವನ್ನೂ ಹಳೆಯ ಕಾಗದವನ್ನೂ ಉಳಿಸುವ ಕೆಲಸ ನೀರನ್ನು ದೂರ ಇಡುವುದರಿಂದಲೇ ಶುರುವಾಗುತ್ತದೆ. ಸೋರಿದ ಗುರುತು ಸ್ಪಷ್ಟವಾಗಿ ಕಾಣುವುದು ಮಳೆ ಬಿಟ್ಟ ಕೂಡಲೇ. ಅದಕ್ಕೇ ಈ ಸಮಯ.

ದಾರಿಯಲ್ಲಿ ಸಿಗುವ ಹಂಚಿನ ಕಟ್ಟಡಗಳನ್ನು ಮಕ್ಕಳು ಹೊರಗಿನಿಂದ ನೋಡಿ ಟಿಪ್ಪಣಿ ಬರೆಯಬೇಕು. ಒಂದು ಹಂಚು ಒಡೆದರೆ ನೀರು ನೇರ ಕೆಳಗೆ ಬೀಳುವುದಿಲ್ಲ. ಹಂಚಿನ ಕೆಳಗಿನ ಮರದ ಪಟ್ಟಿ, ತೊಲೆಗಳಾದ ರೀಪು, ಪಕ್ಕಾಸಿನ ಗುಂಟ ಹರಿದು ದೂರದ ಗೋಡೆಯಲ್ಲಿ ಇಳಿಯುತ್ತದೆ. ಕಲೆ ಇರುವಲ್ಲಿ ಹಂಚು ಬದಲಿಸಿದರೂ ಸೋರುವುದು ನಿಲ್ಲದಿರಲು ಇದೇ ಕಾರಣ. ಇಲ್ಲಿನ ಗೋಡೆಗಳ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ನೀರು ಹೀರುವ ಕಲ್ಲು. ಸುಣ್ಣದ ಗಾರೆಯ ಮೂಲಕ ಆ ತೇವ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತದೆ. ದುರಸ್ತಿ ಎಂದು ಮಾಡಿದ್ದೇ ಹಾನಿಯಾಗುವುದು ಹೆಚ್ಚಾಗಿ ಹೀಗೆ. ಹಂಚಿನ ಮೇಲೆ 1865 ಎಂಬ ಅಚ್ಚು ಕಂಡರೆ ಅದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಕಟ್ಟಡದ ವಯಸ್ಸೆಂದು ಬರೆದುಕೊಳ್ಳಬಾರದು.

ಬಲ್ಮಠಕ್ಕೆ ಹೋಗುವುದು ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕ, ದಾಖಲೆಗಳು ಅಲ್ಲಿರುವುದರಿಂದ. ಮಿಷನ್ನಿನ ಮುದ್ರಣಾಲಯ ಇಲ್ಲಿ ಆರಂಭವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನದಲ್ಲಿ) ಹೊರಬಂತು. ಮಿಷನ್ನಿನ ಪಾದ್ರಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಗಣಿತದ ಮೇಷ್ಟ್ರಾಗಿ ಸೇರಿದ್ದು ಇದೇ ಊರಿನ ಸರ್ಕಾರಿ ಕಾಲೇಜಿಗೆ, ಅಂದರೆ ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜಿಗೆ. ನಮ್ಮ ಮಕ್ಕಳಿಗೆ ಇದು ಗೊತ್ತಿರಲೇಬೇಕು.

ಮಕ್ಕಳ ಬಳಿ ಪೆನ್ಸಿಲ್, ಅಳತೆ ಟೇಪು, ಸಣ್ಣ ಟಾರ್ಚ್ ಇರಲಿ. ಪೆನ್ನು ಬೇಡ, ಶಾಯಿಯ ಕಲೆ ಹೋಗುವುದಿಲ್ಲ. ಕೈಗೆ ಎಣ್ಣೆ, ಕ್ರೀಮ್ ಹಚ್ಚಿ ಕಳಿಸಬೇಡಿ. ಕೈ ತೊಳೆದು ಪೂರ್ತಿ ಒರೆಸಿಕೊಂಡೇ ಪುಟ ಮುಟ್ಟಬೇಕು. ಗವಸು ಹಾಕಿದರೆ ಕಾಗದದ ಅಂಚು ಬೆರಳಿಗೆ ತಿಳಿಯದೆ ಪುಟ ಹರಿಯುವ ಸಾಧ್ಯತೆಯೇ ಹೆಚ್ಚು.

ಮನೆಯಲ್ಲಿ ಅಜ್ಜ ಅಜ್ಜಿಯರ ಕಾಲದ ಪುಸ್ತಕ, ಪತ್ರ, ಯಕ್ಷಗಾನ ಪ್ರಸಂಗದ ಪ್ರತಿಗಳಿದ್ದರೆ ಮೂಲವನ್ನು ಶಾಲೆಗೆ ಕಳಿಸಬೇಡಿ, ಫೋಟೋ ಸಾಕು. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಖಂಡಿತ ಬೇಡ, ಅದನ್ನು ಮತ್ತೆ ಬಿಡಿಸಲಾಗದು. ಬೂಷ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಗಾಳಿಯಾಡಲು ಬಿಡಿ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಮನೆಯ ಹೊರಗೆ ಒರೆಸಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ಈಚೆ ಇರಲಿ.

ಒಪ್ಪಿಗೆ ಚೀಟಿಯನ್ನು ರಜೆಗೆ ಮೊದಲೇ ತರಗತಿ ಶಿಕ್ಷಕರಿಗೆ ತಲುಪಿಸಿ. ಉಬ್ಬಸ ಅಥವಾ ಧೂಳಿನ ಅಲರ್ಜಿ ಇರುವ ಮಕ್ಕಳ ಚೀಟಿಯಲ್ಲಿ ಅದನ್ನು ತಪ್ಪದೆ ಬರೆಯಿರಿ. ಅವರಿಗೆ ಕಟ್ಟಡದ ಹೊರಗಿನ ಅಳತೆಯ ಕೆಲಸ ಕೊಡುತ್ತೇವೆ.

ಇತಿ,
ಮುಖ್ಯೋಪಾಧ್ಯಾಯಿನಿ