ಕಂಡಕ್ಟರ್ ಗೂಬೆ ಯಾರದ್ದು?

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕರಾರುಪತ್ರವನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ಓದಿದೆ. ದುಡ್ಡಿನ ಮೊತ್ತ ನೋಡಿ ನಿಮ್ಮಮ್ಮನಿಗೆ ಖುಷಿ. ನನಗೆ ಮಾತ್ರ ಆರನೇ ಪುಟದ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿನ್ನ ಕಾಮಿಕ್ಸ್‌ಗೆ ನೀನು ಬರೆದ ಪಾತ್ರಗಳೆಲ್ಲ ಪ್ರಕಾಶನ ಕಂಪನಿಯ ಸೊತ್ತಂತೆ. ಅಂದರೆ ನಿನ್ನ ಕಂಡಕ್ಟರ್ ಗೂಬೆ ಇನ್ನು ನಿನ್ನದಲ್ಲ.

ಸ್ಪೇನಿನ ಕಾಮಿಕ್ಸ್ ಚಿತ್ರಕಾರ ಫ್ರಾನ್ಸಿಸ್ಕೊ ಇಬಾನ್ಯೆಸ್ ಗೊತ್ತಲ್ವಾ? 1936ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು, 1957ರಲ್ಲಿ ಅದನ್ನು ಬಿಟ್ಟು ಚಿತ್ರಕ್ಕೇ ಇಳಿದರು. (ಈ ಸಾಲು ನಿಮ್ಮಮ್ಮನಿಗೆ ಓದಿ ಹೇಳಬೇಡ.) ಮರುವರ್ಷ ಬ್ರುಗೇರಾ ಪ್ರಕಾಶನದ ಪತ್ರಿಕೆಯಲ್ಲಿ ಅವರ ಪೆದ್ದು ಪತ್ತೇದಾರರ ಜೋಡಿ ಶುರುವಾಯಿತು: ಕ್ಷಣಕ್ಕೊಂದು ವೇಷ ಹಾಕುವ ಬೋಳುತಲೆ ಮೊರ್ತಾದೆಲೊ, ತಲೆಯ ಮೇಲೆ ಎರಡೇ ಕೂದಲಿರುವ ಅವನ ಬಾಸು ಫಿಲೆಮೊನ್. ಸ್ಪೇನಿನ ಮಕ್ಕಳೆಲ್ಲ ಅದನ್ನೇ ಓದಿ ಬೆಳೆದರು.

ನನಗೆ ಜಾಸ್ತಿ ಇಷ್ಟ 1961ರ '13, ರೂ ದೆಲ್ ಪೆರ್ಸೆಬೆ'. ಒಂದೇ ಪುಟದಲ್ಲಿ ಒಂದಿಡೀ ವಠಾರ, ಎದುರಿನ ಗೋಡೆಯೇ ಇಲ್ಲ, ಎಲ್ಲರ ಮನೆಯೂ ಕಾಣುತ್ತದೆ. ಕೆಳಗೆ ಗಿರಾಕಿಗಳಿಗೆ ಟೋಪಿ ಹಾಕುವ ಅಂಗಡಿಯವನು, ಯಾವಾಗಲೂ ಕೆಟ್ಟಿರುವ ಲಿಫ್ಟು, ಮೇಲಿನ ಗೂಡಿನಲ್ಲಿ ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವವನು, ತಾರಸಿಯಲ್ಲಿ ಬೆಕ್ಕನ್ನು ಗೋಳು ಹೊಯ್ದುಕೊಳ್ಳುವ ಇಲಿ. ಒಂದು ಮನೆಯಲ್ಲಿ ರಾಕ್ಷಸರನ್ನು ತಯಾರಿಸುವ ವಿಜ್ಞಾನಿಯೂ ಇದ್ದ. ಜೀವ ಕೊಡುವುದು ದೇವರ ಕೆಲಸ ಅಂತ ಸರ್ವಾಧಿಕಾರಿ ಫ್ರಾಂಕೊ ಕಾಲದ ಸೆನ್ಸಾರ್‌ನವರು ತಕರಾರು ತೆಗೆದರು. ವಿಜ್ಞಾನಿ ಮನೆ ಖಾಲಿ ಮಾಡಿದ, ಆ ಜಾಗಕ್ಕೆ ದರ್ಜಿ ಬಂದ.

ಸೆನ್ಸಾರ್‌ನವರು ಓಡಿಸಿದ್ದು ಒಬ್ಬ ಬಾಡಿಗೆದಾರನನ್ನು. ಕರಾರು ವಠಾರವನ್ನೇ ನುಂಗಿತು. ಬ್ರುಗೇರಾದಲ್ಲಿ ಪಾತ್ರಗಳ ಹಕ್ಕು ಪ್ರಕಾಶಕರದ್ದು, ಮೂಲ ಚಿತ್ರಗಳೂ ಅವರ ಹತ್ತಿರವೇ. ಬೇಡಿಕೆ ಜಾಸ್ತಿಯಾದಾಗ ಬೇರೆಯವರ ಕೈಲೂ ಬರೆಸುತ್ತಿದ್ದರು. 1985ರಲ್ಲಿ ಇಬಾನ್ಯೆಸ್ ಹೊರಗೆ ಬಂದಾಗ, 27 ವರ್ಷ ಸಾಕಿದ ಜೋಡಿಯನ್ನು ಅವರೊಬ್ಬರು ಬಿಟ್ಟು ಮಿಕ್ಕವರು ಬರೆಯಬಹುದಿತ್ತು! ಐವತ್ತರ ಹತ್ತಿರದಲ್ಲಿ ಬೇರೆ ಪ್ರಕಾಶಕರಿಗಾಗಿ '7, ರೆಬೊಲಿಂಗ್ ಸ್ಟ್ರೀಟ್' ಅಂತ ಇನ್ನೊಂದು ವಠಾರ ಕಟ್ಟಬೇಕಾಯಿತು. ಬ್ರುಗೇರಾ ಮುಳುಗಿ, 1987ರಲ್ಲಿ ಹಕ್ಕುಸ್ವಾಮ್ಯದ ಹೊಸ ಕಾನೂನು ಬಂದ ಮೇಲೆಯೇ ಅವರ ಪಾತ್ರಗಳು ಅವರಿಗೆ ಸಿಕ್ಕಿದ್ದು. ಆಮೇಲೆ ಕೈ ನಿಲ್ಲಲೇ ಇಲ್ಲ. 2023ರಲ್ಲಿ 87ನೇ ವಯಸ್ಸಿಗೆ ತೀರಿಕೊಂಡಾಗ ಪ್ಯಾರಿಸ್ ಒಲಿಂಪಿಕ್ಸ್ ಕಥೆ ಅರ್ಧದಲ್ಲಿತ್ತು.

ನನ್ನದು ಸಣ್ಣ ಕಥೆ. ಒಂದು ಪತ್ರಿಕೆಗೆ ಎರಡು ವರ್ಷ ವ್ಯಂಗ್ಯಚಿತ್ರ ಕೊಟ್ಟೆ, ಒಂದೂ ವಾಪಸ್ ಕೇಳಲಿಲ್ಲ. ಕೇಳುವ ಹೊತ್ತಿಗೆ ಎಲ್ಲ ರದ್ದಿಗೆ ಹೋಗಿತ್ತು. ಸಂಕೋಚ ನನ್ನದೇ, ಯಾರನ್ನು ಬೈಯಲಿ?

ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಸಹಿ ಹಾಕಬೇಡ. ಇಂತಿಷ್ಟು ವರ್ಷ ಅಚ್ಚು ಹಾಕಲು ಮಾತ್ರ ಕೊಡುತ್ತೇನೆ, ಗೂಬೆ ನನ್ನದೇ ಅಂತ ಬರೆದು ಕೇಳು. ಬೇಕಾದರೆ ದುಡ್ಡು ಸ್ವಲ್ಪ ಇಳಿಸಿಕೊಳ್ಳಲಿ. ಮೂಲ ಹಾಳೆ ಕೊಡಬೇಡ, ಸ್ಕ್ಯಾನ್ ಕಳಿಸು ಸಾಕು. ಹಳೇ ಹಾಳೆಗಳು ಇನ್ನೂ ಮಂಚದ ಕೆಳಗಿನ ಟ್ರಂಕಿನಲ್ಲೇ ಇವೆಯಾ? ಬರುವಾಗ ನುಸಿಗುಳಿಗೆ ತರುತ್ತೇನೆ.

ನಿನ್ನ ದೊಡ್ಡಪ್ಪ