ಮಗನ ಎತ್ತರದ ಇಂಜೆಕ್ಷನ್ ಬಗ್ಗೆ

ಪ್ರಿಯ ಗೆಳೆಯ,

ಒಂಬತ್ತು ವರ್ಷದ ಮಗ ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳ, ಗ್ರೋತ್ ಹಾರ್ಮೋನ್ ಕೊಡಿಸಲೇ ಎಂದು ಕೇಳಿದ್ದೀಯ. ಮೊದಲು ಅಳತೆ ಸರಿಯಾಗಲಿ. ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆ. ಆರು ತಿಂಗಳ ನಂತರ ಮತ್ತೆ ಅದೇ ಹೊತ್ತಿಗೆ ಅಳೆ. ಸಂಜೆಗೆ ಬೆನ್ನುಮೂಳೆ ಕುಗ್ಗಿ ಸುಮಾರು 1 ಸೆಂ.ಮೀ. ಕಡಿಮೆ ತೋರುತ್ತದೆ. ಈ ವಯಸ್ಸಿಗೆ ವರ್ಷಕ್ಕೆ 5 ಸೆಂ.ಮೀ. ಬೆಳೆದರೆ ಚಿಂತೆಯಿಲ್ಲ. 4ಕ್ಕಿಂತ ಕಡಿಮೆಯಾದರೆ ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಹಾರ್ಮೋನ್ ಕೊರತೆ ಎಲ್ಲವನ್ನೂ ನೋಡಿಸಬೇಕು. ಎಡಗೈಯ ಎಕ್ಸ್‌ರೇ ತೆಗೆಸು; ಮೂಳೆ ಎಷ್ಟು ವರ್ಷದವರಷ್ಟು ಬಲಿತಿದೆ ಎಂದು ಅದರಲ್ಲಿ ತಿಳಿಯುತ್ತದೆ. ಮೂಳೆಯ ವಯಸ್ಸು ಏಳೇ ಇದ್ದರೆ, ಅವನು ತಡವಾಗಿ ಬೆಳೆಯುವ ಹುಡುಗನಿರಬಹುದು.

ದೊಡ್ಡವನಾದಾಗ ಅವನು ಎಷ್ಟು ಎತ್ತರವಾಗಬಹುದು ಎಂದು ಅಂದಾಜು ಮಾಡೋಣ. ನೀನು 165 ಸೆಂ.ಮೀ., ಅವನಮ್ಮ 152. ಎರಡನ್ನೂ ಕೂಡಿಸಿ, ಗಂಡುಮಗುವಾದ್ದರಿಂದ 13 ಸೇರಿಸಿ, ಎರಡರಿಂದ ಭಾಗಿಸು: 165. ಅವನು ಆ ದಾರಿಯಲ್ಲೇ ಇದ್ದರೆ ರೋಗವಿರುವ ಸಾಧ್ಯತೆ ಕಡಿಮೆ.

ಗ್ರೋತ್ ಹಾರ್ಮೋನಿನ ಕೊರತೆಯಿದ್ದರೆ ಹಿಂದೆಮುಂದೆ ನೋಡದೆ ಕೊಡಿಸು. ಇಲ್ಲದಿದ್ದರೆ? 1985ರವರೆಗೆ ಈ ಹಾರ್ಮೋನನ್ನು ಶವಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಸಿಗುತ್ತಿದ್ದುದೇ ಸ್ವಲ್ಪ, ಹಾಗಾಗಿ ಕೊರತೆಯಿದ್ದವರಿಗೆ ಮಾತ್ರ. ಪ್ರಯೋಗಾಲಯದಲ್ಲಿ ತಯಾರಾಗತೊಡಗಿದ ಮೇಲೆ ಆ ತಡೆ ಹೋಯಿತು. 2003ರಲ್ಲಿ ಅಮೆರಿಕ, ಕೊರತೆಯಿಲ್ಲದ ಮಕ್ಕಳಲ್ಲೂ ಅತಿ ಗಿಡ್ಡರಾದ ಶೇ. 1.2ರಷ್ಟು ಮಂದಿಗೆ ಅನುಮತಿಸಿತು. ಕೊರತೆಯಿಂದ ಗಿಡ್ಡನಾದವನಿಗೂ ಅಪ್ಪಅಮ್ಮನಿಂದ ಗಿಡ್ಡನಾದವನಿಗೂ ಆಗುವ ನೋವು ಒಂದೇ ಎಂಬ ವಾದವಿದೆ, ಅದನ್ನು ನಾನು ತಳ್ಳಿಹಾಕಲಾರೆ. ಆದರೆ ಕನ್ನಡಕ ಹಾಕಿದವನಿಗೆ ಬೇರೆಯವರ ಕಣ್ಣು ಹೇಗಿದ್ದರೂ ಕಾಣುತ್ತದೆ. ಎತ್ತರದ ಲಾಭ ಮಾತ್ರ ಪಕ್ಕದವನು ಗಿಡ್ಡನಾಗಿದ್ದರಷ್ಟೇ. ನಿನ್ನ ಮಗ ಸಾಲಿನ ತುದಿ ಬಿಟ್ಟರೆ, ದುಡ್ಡಿಲ್ಲದ ಮನೆಯ ಇನ್ನೊಬ್ಬ ಹುಡುಗ ಅಲ್ಲಿ ನಿಲ್ಲುತ್ತಾನೆ.

ಅವನು ತೆರುವ ಬೆಲೆಯನ್ನೂ ನೋಡು. ದಿನಾ ರಾತ್ರಿ ಚರ್ಮದಡಿ ಒಂದು ಚುಚ್ಚು, ಐದು ವರ್ಷಕ್ಕೆ 1,800ಕ್ಕೂ ಹೆಚ್ಚು. ಸಿಗುವುದು ಸರಾಸರಿ 4–6 ಸೆಂ.ಮೀ.; ಕೆಲವರಿಗೆ ಏನೂ ಇಲ್ಲ. ಔಷಧ 2–8 ಡಿಗ್ರಿಯಲ್ಲಿರಬೇಕು, ಫ್ರೀಜರಿಗೆ ಹೋದರೆ ಕೆಟ್ಟಿತು. ತಲೆನೋವಿನ ಜೊತೆ ಕಣ್ಣು ಮಂಜಾದರೆ ಮಿದುಳಿನ ಒತ್ತಡ ಏರಿರಬಹುದು. ಮೊಣಕಾಲು ನೋವೆಂದು ಕುಂಟಿದರೆ ಸೊಂಟದ ಕೀಲು ಜಾರಿರಬಹುದು. ಎರಡರಲ್ಲೂ ಅಂದೇ ವೈದ್ಯರ ಬಳಿ ಓಡಬೇಕು.

ಆರೋಗ್ಯವಂತ ಮಗುವಿಗೆ ಇಷ್ಟೆಲ್ಲ ಬೇಡವೆಂದೇ ನನ್ನ ಅಭಿಪ್ರಾಯ. ಅವನನ್ನೂ ಕೇಳು, ನಿನ್ನ ಆಸೆ ಮುಖದಲ್ಲಿ ಕಾಣದಂತೆ. ಶಾಲೆಯಲ್ಲಿ ರೇಗಿಸುತ್ತಿದ್ದರೆ ಈ ವಾರವೇ ಟೀಚರ್ ಹತ್ತಿರ ಮಾತಾಡು. ಎಕ್ಸ್‌ರೇ ವರದಿ ಬಂದ ಕೂಡಲೇ ಕಳಿಸು.

ನಿನ್ನ ಗೆಳೆಯ