ಮಗಳೇ, ಮೈಕ್ ಬಿಡು, ಕಾಗದ ಓದು

ಗುಬ್ಬಿ

ಪ್ರೀತಿಯ ಪುಟ್ಟಿ,

ನಿನ್ನ ವೋಟರ್ ಕಾರ್ಡು ಪೋಸ್ಟಿನಲ್ಲಿ ಬಂದಿದೆ. ಫೋಟೋ ಚೆನ್ನಾಗಿ ಬಂದಿಲ್ಲ ಅಂತ ನಿಮ್ಮಮ್ಮನಿಗೆ ಬೇಜಾರು. ನನಗೆ ಬೇಜಾರಾಗಿದ್ದು ಮೊನ್ನೆ ನೀನು ಫೋನಿನಲ್ಲಿ ಆಡಿದ ಮಾತಿಗೆ. "ಎಲ್ಲರೂ ಸುಳ್ಳು ಹೇಳೋರೇ ಅಪ್ಪ, ಸುಮ್ನೆ ನೋಟಾ ಒತ್ತಿ ಬರ್ತೀನಿ" ಅಂದೆ. ಆ ಹೊತ್ತಿಗೆ ಅಂಗಡಿ ಮುಂದೆ ಲೋಡ್ ಇಳಿಸುತ್ತಿದ್ದರು. ನೆಟ್ಟಗೆ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೋಟಾ ಒತ್ತುವುದು ನಿನ್ನ ಹಕ್ಕು, ಬೇಡ ಅನ್ನಲು ನಾನ್ಯಾರು? ನಿಂತವರಲ್ಲಿ ಯಾರೂ ಬೇಡ ಅನ್ನಲು, 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಗುಂಡಿ ಅದು. ಆದರೆ ವಿಧಾನಸಭೆಗಾಗಲಿ ಲೋಕಸಭೆಗಾಗಲಿ, ನೋಟಾಗೆ ಎಷ್ಟೇ ಓಟು ಬಿದ್ದರೂ ನಿಂತವರಲ್ಲಿ ಯಾರು ಮುಂದಿದ್ದಾರೋ ಅವರೇ ಗೆಲ್ಲುತ್ತಾರೆ. ಅದನ್ನು ತಿಳಿದೇ ಒತ್ತು. ನನ್ನ ತಕರಾರು ನಿನ್ನ ಮೊದಲ ಮಾತಿನ ಮೇಲೆ. ಎಲ್ಲ ಸುಳ್ಳೂ ಒಂದೇ ಅಲ್ಲ ಪುಟ್ಟಿ. ಮೈಕಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಸಹಿ ಹಾಕಿ ಕೊಟ್ಟದ್ದು ಕಡತದಲ್ಲಿ ಕೂರುತ್ತದೆ. ಎಲ್ಲರೂ ಮೈಕನ್ನೇ ಕೇಳುತ್ತಾರೆ, ಕಾಗದ ಓದುವವರು ಕಡಿಮೆ.

ನನಗೆ ರಾಜಕೀಯ ಗೊತ್ತಿಲ್ಲ ಅಂತ ನೀನು ನಗಬಹುದು. ಆದರೆ ಶಾಮಿಯಾನ ಗೊತ್ತು. ಚುನಾವಣೆ ಸಭೆ ಅಂದರೆ ನಿಮಗೆಲ್ಲ ಭಾಷಣ. ನನಗೆ ಕುರ್ಚಿ, ಕಾರ್ಪೆಟ್, ಜನರೇಟರ್, ಮೈಕ್ ಸೆಟ್. ಎರಡು ಸಾವಿರ ಕುರ್ಚಿ ಹೋಗಿರುತ್ತದೆ. ಮಾರನೇ ದಿನ ಹುಡುಗನೊಬ್ಬ ಬಂದು, "ಅಣ್ಣಾ, ಆರುನೂರು ಕುರ್ಚಿಗೆ ಬಿಲ್ ಬರೀರಿ" ಅನ್ನುತ್ತಾನೆ. ಆಗಲ್ಲ ಅಂದರೆ ಮುಂದಿನ ಆರ್ಡರು ಬೇರೆ ಅಂಗಡಿಗೆ.

ಯಾಕೆ ಹೀಗೆ ಅಂದರೆ ಖರ್ಚಿಗೆ ಮಿತಿ ಇದೆ. ನಮ್ಮ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. 2022ರ ಜನವರಿಯಲ್ಲಿ ಏರಿಸಿದ ಮಿತಿ ಇದು. ಚುನಾವಣಾ ಆಯೋಗದವರು ಪೆದ್ದರಲ್ಲ. ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಟೀಗೆ ಇಷ್ಟು ಅಂತ ಜಿಲ್ಲೆಯಲ್ಲಿ ರೇಟ್ ಪಟ್ಟಿ ಮಾಡಿರುತ್ತಾರೆ. ವಿಡಿಯೋದವರು ಬಂದು ಸಭೆ ಚಿತ್ರೀಕರಿಸುತ್ತಾರೆ. ಅದನ್ನು ನೋಡಿ ಅಭ್ಯರ್ಥಿಯ ಖರ್ಚಿಗೆ ಅವರೇ ಬೇರೊಂದು ಲೆಕ್ಕ ಬರೆದಿಡುತ್ತಾರೆ. ಹತ್ತು ಸಾವಿರಕ್ಕಿಂತ ಜಾಸ್ತಿ ಯಾರಿಗೂ ನಗದು ಕೊಡುವ ಹಾಗಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸರಿಯಾದ ಕಾರಣ ಇಲ್ಲದೆ ಒಪ್ಪಿಸದಿದ್ದರೆ ಮೂರು ವರ್ಷ ನಿಲ್ಲುವ ಹಾಗಿಲ್ಲ.

ಆದರೂ ಸಂದು ಇದ್ದೇ ಇದೆ. ಮಿತಿ ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕಿಲ್ಲ. ದೊಡ್ಡ ನಾಯಕರ ಸಭೆಯಲ್ಲಿ ಅಭ್ಯರ್ಥಿ ಕಾಣಿಸಿಕೊಂಡರೆ, ಅವರ ಹೆಸರು, ಫೋಟೋ ಬಂದರೂ, ಖರ್ಚು ಅವರ ತಲೆಗೆ ಬರುತ್ತದೆ. ಅದ್ಯಾವುದೂ ಇಲ್ಲದಿದ್ದರೆ ಪಕ್ಷದ ಲೆಕ್ಕ. ಕೆಲವರು ಆ ಸಭೆ ಕಡೆಗೇ ಸುಳಿಯದಿರುವುದನ್ನು ನೋಡಿ, ಪಾಪ ಎಷ್ಟು ವಿನಯ ಅಂದುಕೊಳ್ಳಬೇಡ. ಇನ್ನು ನನ್ನ ಬಾಡಿಗೆ ವಿಷಯ ಕೇಳಬೇಡ. ಸೋತವರಿಂದ ವಸೂಲಿ ಕಷ್ಟ, ಗೆದ್ದವರಿಂದ ಇನ್ನೂ ಕಷ್ಟ.

ನಮ್ಮ ಕಸುಬಿಗೆ ಸಂಬಂಧಪಟ್ಟ ಒಂದು ಹಳೇ ಕೇಸು ಇದೆ, ಕೇಳು. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ಗೆದ್ದರು. ಸೋತ ರಾಜ್ ನಾರಾಯಣ್ ಕೋರ್ಟಿಗೆ ಹೋದರು. ಹಣ ಹಂಚಿದರು ಅಂತ ಹಲವು ಆರೋಪ ಮಾಡಿದ್ದರು, ಹೆಚ್ಚಿನವು ನಿಲ್ಲಲಿಲ್ಲ. ನಿಂತದ್ದು ಎರಡು. ಸರ್ಕಾರಿ ನೌಕರಿಯಲ್ಲಿದ್ದ ಒಬ್ಬರನ್ನು ಚುನಾವಣೆ ಕೆಲಸಕ್ಕೆ ಬಳಸಿದ್ದು ಒಂದು. ಅವರ ಸಭೆಗಳಿಗೆ ಸರ್ಕಾರಿ ಅಧಿಕಾರಿಗಳು ವೇದಿಕೆ ಕಟ್ಟಿಸಿ, ಮೈಕಿಗೆ ಕರೆಂಟು ಕೊಡಿಸಿದ್ದು ಇನ್ನೊಂದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿದರು. ಆಮೇಲೆ ಬಂದ ತುರ್ತು ಪರಿಸ್ಥಿತಿ ನಿನಗೆ ಪಾಠದಲ್ಲಿ ಇತ್ತಲ್ವಾ. ಪಾರ್ಲಿಮೆಂಟು ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ಎತ್ತಿಹಿಡಿಯಿತು. ಏನೇ ಆಗಲಿ, ಅಷ್ಟು ದೊಡ್ಡವರನ್ನು ಸಿಕ್ಕಿಸಿದ್ದು ಭಾಷಣದ ಮಾತಲ್ಲ. ವೇದಿಕೆ ಕಟ್ಟಿಸಿದ್ದು ಯಾರು, ಕರೆಂಟು ಕೊಟ್ಟದ್ದು ಯಾರು ಅನ್ನುವ ಲೆಕ್ಕ.

ಭಾಷಣಕ್ಕೆ ಕಾನೂನು ಎಷ್ಟು ಸಲೀಸು ಅಂತ ನೋಡು. ಎದುರಾಳಿಯ ವೈಯಕ್ತಿಕ ನಡತೆ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ ಅದು ಭ್ರಷ್ಟ ಆಚರಣೆ, ಸಾಬೀತಾದರೆ ಆಯ್ಕೆ ಹೋಗಬಹುದು. ಆದರೆ ತನ್ನ ಸಾಧನೆ ಬಗ್ಗೆ ಬಾಯಿಗೆ ಬಂದದ್ದು ಹೇಳಿದರೆ ಆಯ್ಕೆಗೆ ಏನೂ ಆಗುವುದಿಲ್ಲ. ಪ್ರಣಾಳಿಕೆಯಲ್ಲಿ ಕೊಟ್ಟ ಭರವಸೆ ಭ್ರಷ್ಟ ಆಚರಣೆ ಅಲ್ಲ ಅಂತ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ತಮಿಳುನಾಡಿನಲ್ಲಿ ಹಂಚಿದ ಕಲರ್ ಟಿವಿಯಿಂದ ಶುರುವಾದ ಕೇಸದು. ಪ್ರಣಾಳಿಕೆಗೂ ನಿಯಮ ಮಾಡಿ ಅಂತ ಆಯೋಗಕ್ಕೆ ಸೂಚಿಸಿತು. ಹಾಗಾಗಿ ಈಗ ನೀತಿ ಸಂಹಿತೆಯಲ್ಲಿ ಒಂದು ಮಾತಿದೆ: ಭರವಸೆ ಕೊಟ್ಟರೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಸ್ಥೂಲವಾಗಿಯಾದರೂ ಹೇಳಬೇಕು. ಆ ನೀತಿ ಸಂಹಿತೆಗೆ ತನ್ನದೇ ಕಾನೂನಿನ ಬಲ ಇಲ್ಲ. ಹಾಗಾಗಿ ಆ ಮಾತು ಹೆಚ್ಚಾಗಿ ಪುಸ್ತಕದಲ್ಲೇ ಉಳಿದಿದೆ.

ಹೀಗೆ ಮಾತು ಕೊಟ್ಟದ್ದು ಯಾವ ಪಕ್ಷ ಅಂತ ಕೇಳಬೇಡ, ಮೂರೂ ಇವೆ. ವಿದೇಶದ ಕಪ್ಪುಹಣ ತಂದರೆ ಒಬ್ಬೊಬ್ಬರಿಗೂ 15 ಲಕ್ಷ ಸಿಗುವಷ್ಟಿದೆ ಅನ್ನುವ ಮಾತು 2014ರ ಲೋಕಸಭೆ ಚುನಾವಣೆಗೆ ಮುಂಚೆ ಬಿಜೆಪಿ ವೇದಿಕೆಯಿಂದ ಬಂತು. ಮುಂದಿನ ವರ್ಷ ಅಮಿತ್ ಶಾ ಅವರೇ ಅದನ್ನು ಜುಮ್ಲಾ, ಅಂದರೆ ಬರೀ ಮಾತಿನ ವರಸೆ, ಅಂದರು. 2018ರಲ್ಲಿ ಜೆಡಿಎಸ್‌ನವರು ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ಪೂರ್ತಿ ಸಾಲ ಮನ್ನಾ ಅಂದಿದ್ದರು. 37 ಸೀಟು ಬಂತು, ಕಾಂಗ್ರೆಸ್ ಜತೆ ಸೇರಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಜುಲೈ ಬಜೆಟ್ಟಿನಲ್ಲಿ ಅದು ಎರಡು ಲಕ್ಷದ ಮಿತಿಯ ಮನ್ನಾ ಆಯಿತು. ಪೂರ್ಣ ಬಹುಮತ ಬಂದಿಲ್ಲವಲ್ಲ ಅನ್ನುವುದು ಅವರ ಸಮಜಾಯಿಷಿ. ಅದೂ ಪೂರ್ತಿ ಸುಳ್ಳಲ್ಲ ಅನ್ನು.

2023ರ ಕಾಂಗ್ರೆಸ್ ಗ್ಯಾರಂಟಿ ಕಾರ್ಡು ನಮ್ಮ ಮನೆಗೂ ಬಂದಿತ್ತು. ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರ ಸಹಿ ಇತ್ತು. ನನಗೆ ಅದರಲ್ಲಿ ಹಿಡಿಸಿದ್ದು ಇಷ್ಟೇ: ಅಂಕಿ ಇತ್ತು. ಎರಡು ಸಾವಿರ, 200 ಯೂನಿಟ್, 10 ಕೆಜಿ. ಅಂಕಿ ಹಾಕಿದ ಮಾತನ್ನು ಹಿಡಿದು ಕೇಳಬಹುದು. ಹೆಂಗಸರಿಗೆ ಬಸ್ಸು ಅದೇ ವರ್ಷ ಜೂನ್ 11ಕ್ಕೆ ಫ್ರೀ ಆಯಿತು. ಅಕ್ಕಿ ಸಿಗಲಿಲ್ಲ ಅಂತ ಐದು ಕೆಜಿಗೆ ಬದಲು ತಲೆಗೆ 170 ರೂಪಾಯಿ ಕೊಟ್ಟರು. ಕರೆಂಟಿಗೆ ಆಮೇಲೆ ಷರತ್ತು ಬಂತು, ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ 10 ಅಷ್ಟೇ ಅಂತ. ಯುವನಿಧಿಯೂ ಎಲ್ಲ ನಿರುದ್ಯೋಗಿಗಳಿಗಲ್ಲ. ನಿಮ್ಮಮ್ಮ ಗೃಹಲಕ್ಷ್ಮಿ ದುಡ್ಡು ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಾಳೆ. 2024-25ರ ಬಜೆಟ್ಟಿನಲ್ಲಿ ಇವಕ್ಕೆ ಸುಮಾರು 52,000 ಕೋಟಿ ಇಟ್ಟರು. ಆ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಯನ್ನು ಓಟಿಗೆ ಮುಂಚೆ ನಾವು ಯಾರೂ ಅಷ್ಟಾಗಿ ಕೇಳಲಿಲ್ಲ. ಯಾವ ಪಕ್ಷ ಕೊಟ್ಟರೂ ಈ ಪ್ರಶ್ನೆ ಮೊದಲೇ ಕೇಳಬೇಕಾದ್ದು.

ಇನ್ನು ಕೋರ್ಟು ಇದೆಯಲ್ಲ ಅನ್ನುತ್ತೀಯ. ಇದೆ. ಆದರೆ ಅದು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಕ್ಷೇತ್ರವನ್ನೇ ನೋಡು. 2018ರ ಚುನಾವಣೆಯಲ್ಲಿ ತುಮಕೂರು ಗ್ರಾಮಾಂತರದಲ್ಲಿ ಮತದಾರರಿಗೆ ನಕಲಿ ವಿಮಾ ಬಾಂಡು ಹಂಚಿದರು ಅಂತ ಸೋತ ಅಭ್ಯರ್ಥಿ ಹೈಕೋರ್ಟಿಗೆ ಹೋದರು. ಯೋಚನೆ ಮಾಡು, ನೋಟು ಕೊಟ್ಟಿದ್ದರೆ ನೋಟಾದರೂ ಅಸಲಿ ಇರುತ್ತಿತ್ತು. ಇಂಥ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾನೂನಿನಲ್ಲೇ ಇದೆ. ಹೈಕೋರ್ಟ್ ಆ ಶಾಸಕರ ಆಯ್ಕೆಯನ್ನು ರದ್ದು ಮಾಡಿದ್ದು 2023ರ ಮಾರ್ಚ್ 30ಕ್ಕೆ. ಹಿಂದಿನ ದಿನವೇ ಮುಂದಿನ ಚುನಾವಣೆ ದಿನಾಂಕ ಪ್ರಕಟವಾಗಿತ್ತು! ಮೇಲ್ಮನವಿಗೆ ಅಂತ ಆದೇಶವನ್ನು ಒಂದು ತಿಂಗಳು ತಡೆದಿಟ್ಟರು. ಮೇ ತಿಂಗಳಲ್ಲಿ ಅವರು ಮತ್ತೆ ನಿಂತರು, ಸೋತರು. ಐದು ವರ್ಷದ ಅವಧಿ ಹೆಚ್ಚೂಕಡಿಮೆ ಪೂರ್ತಿ ಅನುಭವಿಸಿ ಆಗಿತ್ತು. ಕೊನೆಗೆ ಮನೆಗೆ ಕಳಿಸಿದ್ದು ಓಟೇ.

ಅದಕ್ಕೇ ಹೇಳುವುದು, ಓಟಿಗೆ ಮುಂಚೆಯೇ ನೋಡಬೇಕು. ಏನು ನೋಡಬೇಕು? ಫಾರಂ 26. ನಾಮಪತ್ರದ ಜತೆ ಪ್ರತಿಯೊಬ್ಬರೂ ಪ್ರಮಾಣ ಮಾಡಿ ಕೊಡುವ ಅಫಿಡವಿಟ್. ಇದನ್ನು ಪಕ್ಷಗಳು ಪ್ರೀತಿಯಿಂದ ಕೊಟ್ಟಿದ್ದಲ್ಲ. ಅಹಮದಾಬಾದಿನ ಐಐಎಂನ ಕೆಲವು ಮೇಷ್ಟ್ರುಗಳು 1999ರಲ್ಲಿ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅಂತ ಸಂಘ ಮಾಡಿಕೊಂಡು ಕೋರ್ಟಿಗೆ ಹೋದರು. ಅವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರಿನ ಐಐಎಂಗೆ ಬಂದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಕೇಸು, ಆಸ್ತಿ, ಓದು ತಿಳಿಯುವುದು ಮತದಾರರ ಹಕ್ಕು ಅಂದಿತು. ಪರಸ್ಪರ ಮುಖ ನೋಡದ ಪಕ್ಷಗಳು ಆಗ ಹೇಗೆ ಒಂದಾದವು ಗೊತ್ತಾ? ತೀರ್ಪನ್ನು ತೆಳುಮಾಡಲು ಸುಗ್ರೀವಾಜ್ಞೆ ಬಂತು. ರಾಷ್ಟ್ರಪತಿ ಕಲಾಂ ಒಮ್ಮೆ ಅದನ್ನು ವಾಪಸ್ ಕಳಿಸಿದರು. ಸಂಪುಟ ಹಾಗೇ ತಿರುಗಿ ಕಳಿಸಿದಾಗ ಸಹಿ ಹಾಕಬೇಕಾಯಿತು. 2003ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನು ಹೊಡೆದುಹಾಕಿತು. ನಾವು ಇವತ್ತು ಫೋನಿನಲ್ಲಿ ನೋಡುವ ಕಾಗದ ಹೀಗೆ ಬಂದದ್ದು.

ಆ ಕಾಗದದಲ್ಲಿ ಏನೇನಿದೆ ಅಂದರೆ: ಬಾಕಿ ಇರುವ ಕ್ರಿಮಿನಲ್ ಕೇಸುಗಳು, ಆಗಿರುವ ಶಿಕ್ಷೆ, ಐದು ವರ್ಷದ ಆದಾಯ, ಗಂಡ ಅಥವಾ ಹೆಂಡತಿ ಹೆಸರಿನ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಸರ್ಕಾರದ ಜತೆಗಿನ ಗುತ್ತಿಗೆ. ಯಾವ ಕಾಲಂ ಕೂಡ ಖಾಲಿ ಬಿಡುವ ಹಾಗಿಲ್ಲ. ಬಿಟ್ಟು, ನೋಟಿಸು ಕೊಟ್ಟರೂ ತುಂಬದಿದ್ದರೆ ನಾಮಪತ್ರ ತಿರಸ್ಕಾರ ಆಗಬಹುದು. ಸುಳ್ಳು ತುಂಬಿದರೆ? ಚುನಾವಣಾಧಿಕಾರಿ ಅದನ್ನು ತನಿಖೆ ಮಾಡಲು ಹೋಗುವುದಿಲ್ಲ. ದೂರಿದ್ದರೆ ನಾವೇ ಕೋರ್ಟಿಗೆ ಹೋಗಬೇಕು. ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು. ಸಾಮಾನ್ಯವಾಗಿ ಶಾಸಕ ಸ್ಥಾನ ಹೋಗುವುದು ಎರಡು ವರ್ಷದ ಶಿಕ್ಷೆಯಾದರೆ. ಲೆಕ್ಕ ಹಾಕು! ಇದನ್ನು ಕನಿಷ್ಠ ಎರಡು ವರ್ಷ ಮಾಡಿ ಅಂತ ಕಾನೂನು ಆಯೋಗ 2014ರಲ್ಲೇ ಹೇಳಿದೆ. ಪ್ರಚಾರದಲ್ಲಿ ಇದರ ಬಗ್ಗೆ ಮಾತಾಡಿದ ಒಬ್ಬರನ್ನೂ ನಾನು ಕೇಳಿಲ್ಲ, ಅದೂ ನನ್ನದೇ ಮೈಕಿನಲ್ಲಿ.

ಇನ್ನೊಂದು ತಮಾಷೆ. ಕೇಸು ಇರುವವರು ಅದನ್ನು ಪತ್ರಿಕೆಯಲ್ಲಿ ಮೂರು ಸಲ ಜಾಹೀರಾತು ಕೊಡಬೇಕು. ಇಂಥವರನ್ನೇ ಯಾಕೆ ಆರಿಸಿದಿರಿ ಅಂತ ಪಕ್ಷವೂ ಕಾರಣ ಬರೆಯಬೇಕು. ಗೆಲ್ಲುತ್ತಾರೆ ಅನ್ನುವುದು ಕಾರಣ ಆಗಬಾರದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಸಲ ಅದನ್ನು ಹುಡುಕಿ ಓದು. ಎಲ್ಲರೂ ಜನಪ್ರಿಯರು, ಎಲ್ಲರೂ ಸಮಾಜಸೇವಕರು!

ಮನೆ ಬಾಗಿಲಿಗೆ ಬಂದಾಗ ಕೇಳಲು ಸಂಕೋಚ ಬೇಡ. ಜಗಳ ಮಾಡಬೇಡ, ವಿಡಿಯೋ ಹಿಡಿದು ಹೀಯಾಳಿಸಬೇಡ, ಅದರಿಂದ ಉತ್ತರ ಸಿಗುವುದಿಲ್ಲ. "ಸರ್, ನಿಮ್ಮ ಅಫಿಡವಿಟ್ಟಿನಲ್ಲಿ ಹೀಗಿದೆಯಲ್ಲ, ಯಾಕೆ?" ಅಂತ ಒಂದೇ ಪ್ರಶ್ನೆ ಕೇಳು. ಭಾಷಣಕ್ಕೆ ತಯಾರಾಗಿ ಬಂದವರು ಇದಕ್ಕೆ ತಯಾರಾಗಿರುವುದಿಲ್ಲ.

ಆಯೋಗದ ವೆಬ್‌ಸೈಟಿನಲ್ಲಿ ಹೋದ ಸಲದ್ದೂ ಸಿಗುತ್ತದೆ. ಅಭ್ಯರ್ಥಿಗಳ ಪಟ್ಟಿ ಬಂದ ಮೇಲೆ, ಮತ್ತೆ ನಿಂತವರದ್ದು ಎರಡೂ ಸಲದ ಪ್ರಿಂಟ್ ತೆಗೆಸಿಕೊಂಡು ಊರಿಗೆ ಬಾ. ಆದಾಯದ ಅಂಕಿ ನೀನು ನೋಡು, ನಿನಗೆ ಕಾಮರ್ಸು ಗೊತ್ತು. ಜಮೀನಿನ ಕಾಲಂ ನನಗೆ ಬಿಡು. ಇಲ್ಲಿ ಬೈಪಾಸ್ ಪಕ್ಕದ ಗುಂಟೆ ಏನು ಬೆಲೆಗೆ ಹೋಗುತ್ತಿದೆ ಅಂತ ನನಗೆ ಗೊತ್ತು, ಅವರು ಎಷ್ಟು ಬರೆದಿದ್ದಾರೆ ನೋಡೋಣ.

ನಿನ್ನ
ಅಪ್ಪ